ಮಣ್ಣೆತ್ತಿನ ಕೊಂಬು, ಚುರುಮುರಿ ಉಂಡಿ, ಮನೆಯಲ್ಲೇ ಹುಟ್ಟುಹಬ್ಬ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕಾರಹುಣ್ಣಿಮೆ ಮುಗಿದು ನಾಗರಪಂಚಮಿ ಬರುವವರೆಗೆ ನಮ್ಮ ಕಡೆಯ ಮಕ್ಕಳಿಗೆ ಕೈತುಂಬ ಕೆಲಸ. ಮಣ್ಣು ಕಲಸುವುದು, ಗಾಳಿಪಟ ಅಂಟಿಸುವುದು, ಉಂಡಿ ಕಟ್ಟುವಾಗ ಅಮ್ಮನ ಪಕ್ಕ ಕೂರುವುದು. ಈ ಸಲ ಬಂದ ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಎಲ್ಲದರಲ್ಲೂ ಕೆಡಿಸಿದ್ದು ಒಂದೇ: ನೀರು. ಎಲ್ಲಿ ಹೆಚ್ಚಾಯಿತು, ಎಲ್ಲಿ ಬೇಗ ಆರಿತು ಎಂಬುದು ಗೊತ್ತಾದರೆ ಸರಿಪಡಿಸುವುದು ಕಷ್ಟವಲ್ಲ.

ಪ್ರಶ್ನೆ: ಮಣ್ಣೆತ್ತಿನ ಅಮಾವಾಸ್ಯೆಗೆ ಮಗನ ಜೊತೆ ಹೊಲದ ಎರೆಮಣ್ಣಿನಿಂದ ಎತ್ತು ಮಾಡುತ್ತೇವೆ. ಆರುವಷ್ಟರಲ್ಲಿ ಹೊಟ್ಟೆ ಬಿರುಕು ಬಿಡುತ್ತದೆ, ಕೊಂಬು, ಕಾಲು ಕಳಚಿ ಬೀಳುತ್ತವೆ. ಗಟ್ಟಿಯಾಗಲೆಂದು ಕಾಲಿಗೆ ಕಡ್ಡಿ ಸಿಕ್ಕಿಸಿದರೂ ಉಳಿಯಲಿಲ್ಲ. ಅವನು ಅಳುತ್ತಾನೆ. (ಅಣ್ಣಿಗೇರಿಯ ಓದುಗರು)

ಬೇಸಿಗೆಯಲ್ಲಿ ನಿಮ್ಮ ಹೊಲ ಕೈ ತೂರುವಷ್ಟು ಬಾಯಿ ಬಿಡುತ್ತದಲ್ಲ, ಎತ್ತಿನ ಹೊಟ್ಟೆಯಲ್ಲಿ ಆಗುವುದೂ ಅದೇ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಅಷ್ಟೇ ಕುಗ್ಗುತ್ತದೆ. ಹಾಗೆಂದು ಮಣ್ಣು ಬದಲಿಸಬೇಕಿಲ್ಲ. ಎರೆಮಣ್ಣಿನಷ್ಟು ನುಣುಪಾಗಿ ಕೈಗೆ ಬರುವ ಮಣ್ಣು ಬೇರೆ ಸಿಗುವುದು ಕಷ್ಟ. ಕುಗ್ಗದ ಏನನ್ನಾದರೂ ಅದರೊಳಗೆ ಬೆರೆಸಬೇಕು, ಅಷ್ಟೆ.

ಮೂರು ಪಾಲು ಎರೆಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ತೆಗೆದುಕೊಳ್ಳಿ. ಉಸುಕನ್ನು ಹಿಟ್ಟಿನ ಸಾಣಿಗೆಯಂಥ ಸಣ್ಣ ಕಣ್ಣಿನದರಲ್ಲಿ ಹಿಡಿಯಿರಿ. ಹರಳು ಉಳಿದರೆ ಎಳೆಯ ಕೈ ಗೀರುತ್ತದೆ. ಮಣ್ಣನ್ನು ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ಕಲಕಿ, ಕಲ್ಲು ತಳಕ್ಕೆ ಕೂರಲು ಒಂದು ನಿಮಿಷ ಬಿಟ್ಟು, ಮೇಲಿನ ಕೆಸರನ್ನು ಹಳೆಯ ಅರಿವೆಯ ಮೇಲೆ ಸುರಿಯಿರಿ. ನೀರು ಬಸಿದು ಮಣ್ಣು ರೊಟ್ಟಿ ಹಿಟ್ಟಿನ ಹದಕ್ಕೆ ಬರಲು ಅರ್ಧ ದಿನವಾದರೂ ಬೇಕು. ಆಮೇಲೆ ಉಸುಕನ್ನೂ, ಒಂದು ಹಿಡಿ ಹತ್ತಿಯ ಎಳೆಯನ್ನೋ ನೆನೆಸಿ ಹಿಂಡಿದ ಹಳೆಯ ಪತ್ರಿಕೆಯ ಚೂರನ್ನೋ ಸೇರಿಸಿ ಹತ್ತು ನಿಮಿಷ ನಾದಿ. ಎಳೆಗಳು ಮಣ್ಣನ್ನು ಹಿಡಿದಿಡುತ್ತವೆ. ಹದ ನೋಡುವುದು ಹೀಗೆ: ಬೆರಳು ಗಾತ್ರದ ಬತ್ತಿ ಹೊಸೆದು ಬಿಲ್ಲಿನಂತೆ ಬಗ್ಗಿಸಿ. ಮೇಲೆ ಸೀಳಿದರೆ ನೀರು ಕಡಿಮೆ, ಕೈಗೆ ಅಂಟಿದರೆ ನೀರು ಹೆಚ್ಚು.

ಈಗ ಕಡ್ಡಿಯ ವಿಷಯ. ಕಾಲು ಒಡೆದದ್ದೇ ಕಡ್ಡಿಯಿಂದ. ಮಣ್ಣು ಕುಗ್ಗುತ್ತದೆ, ಒಳಗಿನ ಕಡ್ಡಿ ಕುಗ್ಗುವುದಿಲ್ಲ, ಆದ್ದರಿಂದ ಕಡ್ಡಿಯ ಉದ್ದಕ್ಕೂ ಸೀಳು ಬರುತ್ತದೆ. ಬದಲಿಗೆ ಕಾಲನ್ನು ಗಿಡ್ಡ ಮತ್ತು ದಪ್ಪ ಮಾಡಿ. ಎತ್ತು 10ರಿಂದ 12 ಸೆಂ.ಮೀ. ಉದ್ದವಿದ್ದರೆ ಕಾಲು ನಿಮ್ಮ ಹೆಬ್ಬೆರಳಿನಷ್ಟು ದಪ್ಪ ಇರಲಿ. ಹೊಟ್ಟೆಯನ್ನು ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಗುಳಿ ಮಾಡಿ. ತುಂಬಿದ ಹೊಟ್ಟೆಯ ಹೊರಮೈ ಮೊದಲೇ ಆರಿ ಬಿಗಿಯಾಗುತ್ತದೆ, ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ.

ಕೊಂಬು, ಕಿವಿ, ಇಣಿ (ಹೆಗಲ ಮೇಲಿನ ಡುಬ್ಬ) ಪ್ರತ್ಯೇಕ ಮಾಡಿ ಅಂಟಿಸುವಾಗ ಬರೀ ಒತ್ತಿದರೆ ನಿಲ್ಲುವುದಿಲ್ಲ. ಸೇರುವ ಎರಡೂ ಕಡೆ ಕಡ್ಡಿಯಿಂದ ಅಡ್ಡಾದಿಡ್ಡಿ ಗೀರಿ, ಅದೇ ಮಣ್ಣನ್ನು ಅಂಬಲಿಯಂತೆ ಕದಡಿ ಹಚ್ಚಿ, ಒತ್ತಿ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಎಳೆದು ಸಂದು ಮುಚ್ಚಿ. ಆರಿದ ಎತ್ತಿಗೆ ಹಸಿ ಕೊಂಬು ಎಂದೂ ಕೂರುವುದಿಲ್ಲ. ಎರಡೂ ಒಂದೇ ಹಸಿಯಲ್ಲಿರಬೇಕು.

ಒಣಗಿಸಲು ಬಿಸಿಲು ಬೇಡ, ಫ್ಯಾನೂ ಬೇಡ. ಮೊದಲ ದಿನ ಹಿಂಡಿದ ಒದ್ದೆ ಅರಿವೆ ಹೊದಿಸಿ ನೆರಳಿನಲ್ಲಿಡಿ, ಎರಡನೇ ದಿನ ಒಣ ಅರಿವೆ, ಮೂರನೇ ದಿನ ತೆರೆದಿಡಿ. ಕೊಂಬಿನ ತುದಿಗೆ ಮಾತ್ರ ಎರಡನೇ ದಿನವೂ ಒದ್ದೆ ಅರಿವೆ ಸುತ್ತಿ. ತೆಳುವಾದದ್ದು ಮೊದಲು ಆರುತ್ತದೆ, ಮೊದಲು ಆರಿದ್ದೇ ಕಳಚುತ್ತದೆ. ಮಳೆಯ ದಿನಗಳಲ್ಲಿ ಇಷ್ಟಕ್ಕೆ ನಾಲ್ಕು ದಿನ ಹಿಡಿಯಬಹುದು. ಹಾಗಾಗಿ ಅಮಾವಾಸ್ಯೆಯ ಹಿಂದಿನ ರಾತ್ರಿ ಕೂತು ಮಾಡಬೇಡಿ, ಐದು ದಿನ ಮೊದಲೇ ಶುರು ಮಾಡಿ. ಆದರೂ ಬಿರುಕು ಬಂದರೆ ಹಸಿಮಣ್ಣು ತುಂಬಬೇಡಿ, ಅದೂ ಕುಗ್ಗಿ ಉದುರುತ್ತದೆ. ಒಣಮಣ್ಣಿನ ಪುಡಿ ಮತ್ತು ಕಾಗದದ ಚೂರನ್ನು ಮೈದಾ ಅಂಟಿನಲ್ಲಿ ಕಲಸಿ ತುಂಬಿ (ಅಂಟಿನ ಅಳತೆ ಕೊನೆಯ ಪ್ರಶ್ನೆಯಲ್ಲಿದೆ).

ಬಣ್ಣಕ್ಕೆ ಹುರಮಂಜಿ (ಕೆಮ್ಮಣ್ಣು), ಅರಿಶಿನ ಸಾಕು. ಗಟ್ಟಿಯಾಗಿ ಕಲಸಿ ಹತ್ತಿಯಿಂದ ಒತ್ತುತ್ತ ಹಚ್ಚಿ. ನೀರಾದ ಬಣ್ಣ ಸುಡದ ಮಣ್ಣನ್ನು ಮತ್ತೆ ಕರಗಿಸುತ್ತದೆ. ಸುಣ್ಣ ಹಚ್ಚುವುದಿದ್ದರೆ ದೊಡ್ಡವರೇ ಹಚ್ಚಿ. ಕಣ್ಣಿಗೆ ಸಿಡಿದರೆ ಅಪಾಯ. ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ಎತ್ತಿನ ಕಣ್ಣಿಗೆ ಗುಲಗಂಜಿ ಇಡಬೇಡಿ. ನೋಡಲು ಎಷ್ಟು ಚೆಂದವೋ ಒಳಗೆ ಅಷ್ಟೇ ವಿಷ, ಮಗು ಕಚ್ಚಿ ಒಡೆದು ನುಂಗಿದರೆ ಜೀವಕ್ಕೆ ಕುತ್ತು. ಎರಡು ಜೋಳದ ಕಾಳು ಒತ್ತಿದರೆ ಬೇಕಾದಷ್ಟು ಕಣ್ಣಾಯಿತು. ಎತ್ತಿನ ಮುಖ ನರಿಯಂತೆ ಬಂದರೂ ತಿದ್ದಬೇಡಿ, ಅವನು ಮಾಡಿದ್ದು ಅವನದಾಗಿಯೇ ಇರಲಿ. ಉಳಿದ ಮಣ್ಣಿನಲ್ಲಿ ಗ್ವಾದಲಿಯನ್ನು (ಎತ್ತಿಗೆ ಮೇವು ಹಾಕುವ ತೊಟ್ಟಿ) ಪೂರ್ತಿ ಅವನ ಕೈಗೇ ಬಿಡಿ.

ಪ್ರಶ್ನೆ: ಪಂಚಮಿಗೆ ಕಟ್ಟಿದ ಚುರುಮುರಿ ಉಂಡಿ ಮರುದಿನವೇ ಮೆತ್ತಗಾಗುತ್ತವೆ. ಕೆಲವು ಸಲ ಕಲ್ಲಾಗುತ್ತವೆ. 4 ವರ್ಷದ ಮಗಳು ತಾನೂ ಕಟ್ಟುತ್ತೇನೆ ಎಂದು ಹಟ ಮಾಡುತ್ತಾಳೆ, ಬಿಡಬಹುದೇ? (ಹಾವೇರಿಯ ಓದುಗರು)

ಕೊನೆಯ ಮಾತಿಗೆ ಮೊದಲು ಉತ್ತರ: ಪಾಕದ ಉಂಡಿಗೆ ಬಿಡಬೇಡಿ. ಈ ಪಾಕ ಇಳಿಸುವ ಹೊತ್ತಿಗೆ ಕುದಿಯುವ ನೀರಿಗಿಂತ 20 ಡಿಗ್ರಿಗೂ ಹೆಚ್ಚು ಬಿಸಿ ಇರುತ್ತದೆ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಅವಳಿಗೆ ಶೇಂಗಾ ಉಂಡಿ ಕೊಡಿ, ಶೇಂಗಾ ನೀವು ಹುರಿದಿಟ್ಟರೆ ಕಟ್ಟುವಾಗ ಒಲೆಯೇ ಬೇಡ. ಸಿಪ್ಪೆ ಸುಲಭವಾಗಿ ಬಿಡುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ತೆಗೆದ 250 ಗ್ರಾಂ ಶೇಂಗಾಕ್ಕೆ 160 ಗ್ರಾಂ ತುರಿದ ಬೆಲ್ಲ, ನಾಲ್ಕು ಏಲಕ್ಕಿ. ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು. ನಿಲ್ಲದಿದ್ದರೆ ಒಂದು ಚಮಚೆ ಬೆಚ್ಚಗಿನ ತುಪ್ಪ ಹಾಕಿ, ಹಾಲು ನೀರು ಮಾತ್ರ ಬೇಡ, ಬೇಗ ಕೆಡುತ್ತದೆ. ಸಣ್ಣ ನಿಂಬೆಯ ಗಾತ್ರದ 16 ಉಂಡಿ ಆಗುತ್ತವೆ. ಅವಳು ಕಟ್ಟಿದ್ದು ಉಂಡಿಯಾಗದೆ ಚಪ್ಪಟೆಯಾದರೂ ರುಚಿ ಅದೇ.

ಈಗ ಚುರುಮುರಿ. ಪಂಚಮಿ ಬರುವುದೇ ಮಳೆಯಲ್ಲಿ, ಚುರುಮುರಿ ಅಂಗಡಿಯಿಂದ ಬರುವಾಗಲೇ ಥಂಡಿ ಕುಡಿದಿರುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು, ಬೆರಳಿನಲ್ಲಿ ಹಿಚುಕಿದರೆ ಗರ್ ಎಂದು ಪುಡಿಯಾಗಬೇಕು. 200 ಮಿ.ಲೀ. ಲೋಟದಲ್ಲಿ 5 ಲೋಟ ಚುರುಮುರಿಗೆ 150 ಗ್ರಾಂ ಬೆಲ್ಲ, 3 ಚಮಚೆ ನೀರು. ಬೆಲ್ಲ ಗಟ್ಟಿಯಾದದ್ದೇ ಬೇಕು. ಒತ್ತಿದರೆ ಬೆರಳಿಗೆ ಅಂಟುವ ಬೆಲ್ಲದ ಪಾಕ ಗಾಳಿಯ ಥಂಡಿ ಎಳೆದುಕೊಳ್ಳುತ್ತಲೇ ಇರುತ್ತದೆ. ಕರಗಿಸಿ, ಸೋಸಿ, ಮತ್ತೆ ಒಲೆಗೇರಿಸಿ. ತಟ್ಟೆಯ ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡುತ್ತಿರಿ. ಮೊದಲು ಹರಡುತ್ತದೆ, ಆಮೇಲೆ ಮೆತ್ತನೆ ಗುಳಿಗೆಯಾಗುತ್ತದೆ. ಬಹಳ ಜನ ಇಲ್ಲಿಗೇ ಇಳಿಸುತ್ತಾರೆ, ಮರುದಿನದ ಮೆತ್ತಗೆ ಹುಟ್ಟುವುದು ಇಲ್ಲೇ. ಪಾಕದಲ್ಲಿ ಉಳಿದ ನೀರನ್ನು ಚುರುಮುರಿ ರಾತ್ರಿಯಿಡೀ ಹೀರುತ್ತದೆ. ಗುಳಿಗೆಯನ್ನು ತಟ್ಟೆಯ ಅಂಚಿಗೆ ಹೊಡೆದರೆ ಟಕ್ ಎನ್ನಬೇಕು, ಆಗ ಇಳಿಸಿ. ಅದನ್ನೂ ದಾಟಿ ಕಾಸಿದರೆ ಬೆಲ್ಲ ಕಹಿಯಾಗಿ ಉಂಡಿ ಕಲ್ಲಾಗುತ್ತದೆ. ಟಕ್ ಎಂದ ಮೇಲೆ ಕೆಡಲು ಅರ್ಧ ನಿಮಿಷವೂ ಬೇಡ, ಉರಿ ಮೊದಲೇ ಸಣ್ಣದಿರಲಿ.

ಕಟ್ಟುವಾಗ ಕೈಗೆ ನೀರು ಮುಟ್ಟಿಸಿಕೊಳ್ಳುವ ರೂಢಿ ಇದ್ದರೆ ಬಿಡಿ, ತುಪ್ಪ ಸವರಿಕೊಳ್ಳಿ. ಪಾಕ ಬಿಗಿದುಕೊಂಡರೆ ಬಾಣಲೆಯನ್ನು ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಇಡಿ. ಉಂಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ.

ಪ್ರಶ್ನೆ: ಮಗಳ 5ನೇ ಹುಟ್ಟುಹಬ್ಬ ಮನೆಯಲ್ಲೇ ಮಾಡಬೇಕೆಂದಿದ್ದೇವೆ. 3ರಿಂದ 6 ವರ್ಷದ 15 ಮಕ್ಕಳು, 8 ದೊಡ್ಡವರು. ಗಿರ್ಮಿಟ್ (ಗೊಜ್ಜಿನಲ್ಲಿ ಕಲಸಿದ ಚುರುಮುರಿ) ಎಷ್ಟು ಮಾಡಬೇಕು? ಹೋದ ವರ್ಷ ಬಡಿಸುವಷ್ಟರಲ್ಲಿ ಮುದ್ದೆಯಾಗಿತ್ತು. ಮಕ್ಕಳನ್ನು ಕೂರಿಸಲು ಏನಾದರೂ ಕೈಕೆಲಸ ಹೇಳಿ. (ಗದಗ-ಬೆಟಗೇರಿಯ ಓದುಗರು)

ದೊಡ್ಡವರಿಗೆ ತಲಾ 50 ಗ್ರಾಂ, ಮಕ್ಕಳಿಗೆ 20 ಗ್ರಾಂ ಚುರುಮುರಿ ಲೆಕ್ಕ ಹಿಡಿದರೆ ಒಟ್ಟು 700 ಗ್ರಾಂ. ಅದಕ್ಕೆ 800 ಗ್ರಾಂ ಉಳ್ಳಾಗಡ್ಡಿ, 200 ಮಿ.ಲೀ. ಎಣ್ಣೆ, 50 ಗ್ರಾಂ ಹುಣಸೆಹಣ್ಣು, 40 ಗ್ರಾಂ ಬೆಲ್ಲ, 200 ಗ್ರಾಂ ಪುಟಾಣಿ ಹಿಟ್ಟು. ಮೇಲೆ ಉದುರಿಸಲು ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಬೇರೆ.

ಮುದ್ದೆಯಾದದ್ದಕ್ಕೆ ಎರಡು ಕಾರಣ ಇರಬಹುದು. ಒಗ್ಗರಣೆಯ ಗೊಜ್ಜು ನೀರಾಗಿಯೇ ಉಳಿದಿತ್ತು, ಇಲ್ಲವೇ ಎಲ್ಲವನ್ನೂ ಒಮ್ಮೆಗೇ ಕಲಸಿಟ್ಟಿದ್ದಿರಿ. ಹುಣಸೆಹುಳಿ ಹಾಕಿದ ಮೇಲೆ ಗೊಜ್ಜು ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿ ಪೂರ್ತಿ ಆರಿಸಿ. ಬಿಸಿ ಗೊಜ್ಜಿನ ಹಬೆಯೇ ಚುರುಮುರಿಯನ್ನು ಮೆತ್ತಗೆ ಮಾಡುತ್ತದೆ. ಬಡಿಸುವಾಗ ಪರಾತದಲ್ಲಿ ನಾಲ್ಕೈದು ತಾಟಿಗೆ ಆಗುವಷ್ಟೇ ಕಲಸಿ: ಮೊದಲು ಗೊಜ್ಜು, ಮೇಲೆ ಚುರುಮುರಿ, ಕೂಡಲೇ ಪುಟಾಣಿ ಹಿಟ್ಟು. ಉಳಿದ ಪಸೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ. ಒಂದು ಬೋಗುಣಿಯಲ್ಲಿ ಮೆಣಸಿನಕಾಯಿ ಹಾಕದ ಗೊಜ್ಜನ್ನು ಮಕ್ಕಳಿಗೆಂದು ಮೊದಲೇ ತೆಗೆದಿಡಿ. ದೊಡ್ಡವರಿಗೆ ಪಕ್ಕಕ್ಕೆ ಮಿರ್ಚಿ ಭಜಿ ಇದ್ದರೆ ಸರಿ. ಮಿರ್ಚಿ ಕರಿಯುವ ಬಾಣಲೆ ಇರುವ ಹೊತ್ತಿಗೆ ಅಡುಗೆಮನೆ ಬಾಗಿಲು ಹಾಕಿರಲಿ.

ಐದು ವರ್ಷದೊಳಗಿನವರ ತಾಟಿಗೆ ಇಡೀ ಶೇಂಗಾ, ಇಡೀ ಪುಟಾಣಿ ಬೀಳಬಾರದು. ಓಡುತ್ತ ನಗುತ್ತ ತಿನ್ನುವ ಮಗುವಿನ ಉಸಿರುಕೊಳವೆಗೆ ಅವು ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಒಡೆದ ಬಲೂನಿನ ಚೂರು ಇನ್ನೂ ಅಪಾಯ, ಕಂಡಕೂಡಲೇ ಹೆಕ್ಕಿ. ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ಕರೆಯುವಾಗಲೇ ಅವರ ಮನೆಯವರನ್ನು ಕೇಳಿಕೊಳ್ಳಿ.

ಕೈಕೆಲಸಕ್ಕೆ ಹಾರ ಪೋಣಿಸುವುದು ಒಳ್ಳೆಯದು. ಹಾವೇರಿಯ ಏಲಕ್ಕಿ ಹಾರವನ್ನು ಒಮ್ಮೆ ತೋರಿಸಿ, ನಮ್ಮ ಹಾರವನ್ನು ಕಾಗದದಿಂದ ಮಾಡೋಣ ಎನ್ನಿ. ದಪ್ಪ ಬಣ್ಣದ ಕಾಗದವನ್ನು 4 ಸೆಂ.ಮೀ. ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ತೂತು ಮಾಡಿಡಿ. ಮಗುವಿಗೆ 20 ಬಿಲ್ಲೆ, 60 ಸೆಂ.ಮೀ. ಉಣ್ಣೆ ದಾರ. ಸೂಜಿ ಬೇಡ. ದಾರದ ತುದಿಯ 3 ಸೆಂ.ಮೀ. ಭಾಗವನ್ನು ಮೈದಾ ಅಂಟಿನಲ್ಲಿ ಅದ್ದಿ ಹಿಂದಿನ ದಿನವೇ ನೇರವಾಗಿ ಒಣಗಿಸಿದರೆ ಅದೇ ಸೂಜಿಯಾಗುತ್ತದೆ. ಇನ್ನೊಂದು ತುದಿಗೆ ಒಂದು ಬಿಲ್ಲೆ ಗಂಟು ಹಾಕಿಡಿ, ಇಲ್ಲವಾದರೆ ಪೋಣಿಸಿದ್ದೆಲ್ಲ ಹಿಂದಿನಿಂದ ಜಾರಿ ಹೋಗುತ್ತದೆ, ಮಕ್ಕಳ ಉತ್ಸಾಹವೂ ಅದರ ಜೊತೆ ಹೋಗುತ್ತದೆ. ಇದಕ್ಕೆ ಇಪ್ಪತ್ತು ನಿಮಿಷ. ಇಡೀ ಕಾರ್ಯಕ್ರಮ ಒಂದೂವರೆ ಗಂಟೆ ಮೀರಿಸಬೇಡಿ. ಬಂದ ಅರ್ಧ ಗಂಟೆಯೊಳಗೆ ತಿನ್ನಲು ಕೊಡಿ, ಹಸಿದ ಮಕ್ಕಳು ಯಾವ ಆಟಕ್ಕೂ ಕೂರುವುದಿಲ್ಲ.

ಪ್ರಶ್ನೆ: ಗಾಳಿಪಟಕ್ಕೆ ಮೈದಾ ಅಂಟು ಹಚ್ಚಿದರೆ ಕಾಗದ ಸುಕ್ಕಾಗುತ್ತದೆ, ಅಂಟು ಎರಡೇ ದಿನಕ್ಕೆ ಬೂಸು ಹಿಡಿಯುತ್ತದೆ. (ಧಾರವಾಡದ ಓದುಗರು)

ಸುಕ್ಕಾಗುವುದು ಅಂಟು ತೆಳುವಾದುದಕ್ಕೆ. 3 ದೊಡ್ಡ ಚಮಚೆ ಮೈದಾವನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮುಕ್ಕಾಲು ಲೋಟ ಕುದಿನೀರಿಗೆ ಸುರಿದು, ಬಿಳುಪು ಹೋಗಿ ಗಾಜಿನಂತೆ ಹೊಳೆಯುವವರೆಗೆ ತಿರುವಿ. ಬಿಳುಪು ಉಳಿದರೆ ಹಿಟ್ಟು ಬೆಂದಿಲ್ಲ, ಹಿಡಿತವೂ ಇರುವುದಿಲ್ಲ. ಆರಿದ ಮೇಲೆ ಮಡಿಕೆಯ ಅಂಚಿಗಷ್ಟೇ ಬೆರಳಿನಿಂದ ಎಳೆದು ಹಚ್ಚಿ, ಮೇಲೆ ಒಣ ಅರಿವೆಯಿಂದ ಒತ್ತಿ, ಭಾರದ ಪುಸ್ತಕದ ಕೆಳಗೆ ಒಣಗಿಸಿ.

ಬೂಸು ಬರದಿರಲು ಬಿಸಿಯಿರುವಾಗಲೇ ಅರ್ಧ ಸಣ್ಣ ಚಮಚೆ ಫಟಕಿ (ಆಲಂ) ಪುಡಿ ಹಾಕಬಹುದು. ಮೈಲುತುತ್ತ ಹಾಕುವ ಹಳೆಯ ಪದ್ಧತಿ ಮಕ್ಕಳಿರುವ ಮನೆಗೆ ಬೇಡವೇ ಬೇಡ, ಅದು ವಿಷ. ಅಂಟು ನೆಕ್ಕುವ ವಯಸ್ಸಿನ ಮಗು ಇದ್ದರೆ ಫಟಕಿಯನ್ನೂ ಬಿಟ್ಟು, ಆ ದಿನಕ್ಕೆ ಬೇಕಾದಷ್ಟೇ ಅಂಟು ಕಾಸಿಕೊಳ್ಳಿ.