ಹಳೆಯ ಜೀಪಿಗೆ ಮೊದಲು ಏನು: ಬಣ್ಣವೋ, ಚಾಸಿಯೋ?

ಪ್ರಶ್ನೆ: ಮಾವನವರ ಮನೆಯ ಕೊಟ್ಟಿಗೆಯ ಬದಿಯಲ್ಲಿ ಮಹೀಂದ್ರ ಎಂಎಂ 540 ಜೀಪೊಂದು 8 ವರ್ಷಗಳಿಂದ ಓಡದೆ ನಿಂತಿದೆ. ಅದನ್ನು ಸರಿಪಡಿಸಿ, ಹಿಂಬದಿಯಲ್ಲಿ ಮಲಗಲು ಹಲಗೆ ಹಾಕಿಸಿ, ಹೆಂಡತಿ ಮತ್ತು ಮಗಳೊಂದಿಗೆ ಘಟ್ಟದ ಮೇಲೆ ತಿರುಗಾಡಬೇಕೆಂಬ ಆಸೆಯಿದೆ. ಕೈಯಲ್ಲಿರುವುದು ಎರಡೂವರೆ ಲಕ್ಷ ರೂಪಾಯಿ. ಮೊದಲು ಬಣ್ಣ ಮತ್ತು ಅಗಲದ ಟಯರ್ ಮಾಡಿಸೋಣ ಎಂದು ಗ್ಯಾರೇಜಿನವರು ಹೇಳುತ್ತಾರೆ. ಎಲ್ಲಿಂದ ಆರಂಭಿಸಲಿ? (ಓದುಗರು, ಕಾಪು)

ಉತ್ತರ: ಬಣ್ಣ ಮತ್ತು ಟಯರುಗಳನ್ನು ಪಟ್ಟಿಯ ಕೊನೆಗೆ ತಳ್ಳಿ. ಕಾಪುವಿನಲ್ಲಿ ಕಡಲಿನ ಉಪ್ಪುಗಾಳಿ ವರ್ಷವಿಡೀ ಬೀಸುತ್ತದೆ, ಮಳೆಗಾಲದ ನಾಲ್ಕು ತಿಂಗಳು ನೆಲವೇ ಆರುವುದಿಲ್ಲ. ಇಂಥ ಊರಿನಲ್ಲಿ 8 ವರ್ಷ ನಿಂತ ಗಾಡಿಗೆ ಎಂಜಿನ್ನಿಗಿಂತ ಮೊದಲು ಚಾಸಿ, ಅಂದರೆ ಇಡೀ ಗಾಡಿಯ ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಕೆಟ್ಟಿರುತ್ತದೆ. ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಗಾಡಿಯ ಅಡಿಗೆ ಹೋಗಿ, ಮುಂದಿನಿಂದ ಹಿಂದಿನವರೆಗೆ ಚಾಸಿಯನ್ನು ಗೇಣುಗೇಣಿಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ಒಳಗೆ ಕೊಳೆತಿದ್ದರೆ ಒಣ ಕುಂಬಳಕಾಯಿಗೆ ಹೊಡೆದಂತೆ ಮಂಕಾದ ಸದ್ದು ಬರುತ್ತದೆ. ಸದ್ದು ಬದಲಾದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಕಚ್ಚಿಕೊಳ್ಳುವ ಹ್ಯಾಂಗರ್‌ಗಳು, ಅಡ್ಡಪಟ್ಟಿಗಳ ಕೂಡುಗೆಗಳು, ಕೆಸರು ಕಟ್ಟಿಕೊಂಡು ನೀರು ಹರಿದುಹೋಗದ ಮೂಲೆಗಳು, ಇವೇ ಮೊದಲು ಸಾಯುವ ಜಾಗಗಳು.

ಈ ಮಾತಿನ ಹಿಂದೆ ನಾನೇ ತೆತ್ತ ದಂಡವಿದೆ. ಹಲವು ವರ್ಷಗಳ ಹಿಂದೆ, ಅಡಿಭಾಗಕ್ಕೆ ಆಗಷ್ಟೇ ಕರಿ ಡಾಂಬರಿನಂಥ ಲೇಪ ಬಳಿದಿದ್ದ ಜೀಪೊಂದನ್ನು ಅದರ ಹೊಳಪಿಗೆ ಮರುಳಾಗಿ ಕೊಂಡೆ. ಚಾರ್ಮಾಡಿ ಘಟ್ಟದ ಒಂದು ತಿರುವಿನಲ್ಲಿ ಹಿಂದಿನ ಎಡಗಡೆಯ ಹ್ಯಾಂಗರ್, ಅಂಗೈಯಗಲದ ಚಾಸಿಯ ತುಂಡಿನ ಸಮೇತ ಕಿತ್ತು ಬಂತು. ಆ ತುಂಡನ್ನು ಬೆರಳಿನಲ್ಲಿ ಒತ್ತಿದರೆ ಹಪ್ಪಳದಂತೆ ಪದರುಪದರಾಗಿ ಉದುರುತ್ತಿತ್ತು. ಮೇಲಿನ ಲೇಪ ಮಾತ್ರ ಹಾಗೆಯೇ ಮಿರಿಮಿರಿ ಮಿಂಚುತ್ತಿತ್ತು. ತುಕ್ಕಿನ ಮೇಲೆ ಬಳಿದ ಲೇಪವು ತೇವವನ್ನು ಒಳಗೇ ಕೂಡಿಹಾಕಿ ಕೊಳೆಯುವುದನ್ನು ಇನ್ನಷ್ಟು ಬೇಗ ಮಾಡುತ್ತದೆ. ಆದ್ದರಿಂದ ತಂತಿ ಬ್ರಷ್ಷಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿಸಿ. ಕೊಳೆತ ಭಾಗದ ಮೇಲೆ ತಗಡಿನ ತೇಪೆ ಹಾಕಿಸದೆ, ಅದನ್ನು ಕತ್ತರಿಸಿ ತೆಗೆಸಿ, ಅಷ್ಟೇ ದಪ್ಪದ ಹೊಸ ಪಟ್ಟಿಯನ್ನು ಬೆಸೆಸಿ. ಆಮೇಲೆ ಸತುವು ಹೆಚ್ಚಿರುವ ಪ್ರೈಮರ್, ಅದರ ಮೇಲೆ ಬಣ್ಣ, ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳ ಒಳಕ್ಕೆ ಮೇಣದಂಥ ದ್ರವ. ನೀರು ಹೋಗುವ ತೂತುಗಳು ಬಣ್ಣದಲ್ಲಿ ಮುಚ್ಚಿಹೋಗದಿರಲಿ. ಕೆಲವರು ಹಳೆಯ ಎಂಜಿನ್ ಆಯಿಲ್ ಸಿಂಪಡಿಸುತ್ತಾರೆ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಅಂಗಳದ ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ.

ಟಿಂಕರಿಂಗ್ ಮಾಡುವವರಿಗೆ ಒಂದು ಎಚ್ಚರಿಕೆಯನ್ನು ನೀವೇ ಎದುರಿಗೆ ನಿಂತು ಹೇಳಬೇಕು: ಚಾಸಿಯ ಮೇಲೆ ಕೊರೆದಿರುವ ನಂಬರಿಗೆ ಗ್ರೈಂಡರ್ ತಾಗಿಸಬಾರದು. ಅದು ಅಳಿಸಿದರೆ ಆರ್‌ಟಿಒ ಕಚೇರಿಯಲ್ಲಿ ನಿಮ್ಮ ಗಾಡಿ ನಿಮ್ಮದೆಂದು ತೋರಿಸುವುದೇ ಕಷ್ಟವಾಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25ರಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾವನವರ ಆರ್‌ಸಿ ಯಾವಾಗ ಮುಗಿದಿದೆ, ಕಟ್ಟಬೇಕಾದ ಬಾಕಿ ಎಷ್ಟಿದೆ ಎಂಬುದನ್ನು ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅಗಲದ ಟಯರಿನ ಆಸೆ ಇಲ್ಲಿಯೂ ಎಡವುತ್ತದೆ. ಈ ಜೀಪಿಗೆ 6.00-16 ಅಳತೆಯ ಸಪೂರ ಟಯರೇ ಹೊಂದುತ್ತದೆ, ಕೆಸರಿನಲ್ಲಿ ಅದು ಅಡಿಯ ಗಟ್ಟಿನೆಲಕ್ಕೆ ಕಚ್ಚುವುದೂ ಹೆಚ್ಚು.

ನಿಮ್ಮ ಜೀಪಿನಲ್ಲಿ ಮೂಲದ ಪ್ಯೂಜೋ 2112 ಸಿಸಿ ಡೀಸೆಲ್ ಎಂಜಿನ್ ಇದ್ದರೆ ಅವಸರದಿಂದ ಸೆಲ್ಫ್ ಹೊಡೆಯಬೇಡಿ. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ. ಹಳೆಯ ಡೀಸೆಲನ್ನು ಪೂರ್ತಿ ಹೊರಹಾಕಿ ಟ್ಯಾಂಕ್ ತೊಳೆಸಿ, ಫಿಲ್ಟರ್ ಬದಲಿಸಿ, ಪಂಪಿನ ಗಾಳಿ ತೆಗೆಸಿ. ಬ್ರೇಕಿನ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲವೂ ಹೊಸದಾಗಲಿ. ಇದರಲ್ಲಿ ಚೌಕಾಶಿ ಬೇಡ. ನನ್ನ ಲೆಕ್ಕದಲ್ಲಿ ನಿಮ್ಮ ಹಣದ ಅರ್ಧಭಾಗ ಚಾಸಿ, ಬ್ರೇಕ್ ಮತ್ತು ಸ್ಟಿಯರಿಂಗಿಗೇ ಹೋಗುತ್ತದೆ. ಮಲಗುವ ವ್ಯವಸ್ಥೆಗೆ ಪ್ಲೈವುಡ್ ಹಲಗೆ, ಒಂದು ಹಾಸಿಗೆ, ಮೇಲೊಂದು ತಾಡಪಾಲು ಸಾಕು. ಮೂವರಿಗೆ ಜೀಪಿನೊಳಗೆ ಜಾಗ ಸಾಲದು. ಒಬ್ಬರು ಹೊರಗೆ ಡೇರೆಯಲ್ಲಿ ಮಲಗುವುದೆಂದು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಜಿಪ್ಸಿಯನ್ನು ಮಳೆಯೆಂದು ಫೋರ್‌ವೀಲಿಗೆ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂತೆ) ಹಾಕಿ ಮಣಿಪಾಲದಿಂದ ಉಡುಪಿಗೆ ಡಾಂಬರು ರಸ್ತೆಯಲ್ಲಿ ಇಳಿದೆ. ಆಮೇಲೆ ಲಿವರ್ ಹಿಂದಕ್ಕೆ ಬರುತ್ತಲೇ ಇಲ್ಲ. ಗೇರ್‌ಬಾಕ್ಸ್ ಹೋಯಿತೇ? (ಓದುಗರು, ಪರ್ಕಳ)

ಉತ್ತರ: ಗೇರ್‌ಬಾಕ್ಸ್ ಹೋಗಿರಲಿಕ್ಕಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಜಿಪ್ಸಿಯಲ್ಲಿ ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುವ ನಡುವಿನ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಮತ್ತು ಮುಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಮಣ್ಣು, ಮರಳು, ಕೆಸರಿನಲ್ಲಿ ಟಯರು ಸ್ವಲ್ಪ ಜಾರಿ ಆ ಒತ್ತಡ ಕಳೆಯುತ್ತದೆ. ಡಾಂಬರಿನ ಮೇಲೆ ಜಾರುವುದು ಕಡಿಮೆಯಾದ್ದರಿಂದ ಒದ್ದೆಬಟ್ಟೆ ಹಿಂಡಿದಂತೆ ಶಾಫ್ಟ್‌ಗಳಲ್ಲಿ ತಿರುಚು ಕೂಡಿಕೊಂಡು ಲಿವರ್ ಬಿಗಿಯುತ್ತದೆ. ಸ್ಟಿಯರಿಂಗ್ ನೇರವಾಗಿಟ್ಟು ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ. ಹೆಚ್ಚಾಗಿ ಅಷ್ಟಕ್ಕೇ ಸಡಿಲವಾಗುತ್ತದೆ. ಲಿವರ್ ಬಂದಮೇಲೆ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸ್‌ಗಳಲ್ಲಿ ಆಟವಿದೆಯೇ ಎಂದು ಕೈಯಲ್ಲಿ ಅಲ್ಲಾಡಿಸಿ ನೋಡಿ. ತೊರೆಯ ನೀರಿಗೆ ಇಳಿಸಿದ್ದರೆ ಮುಂದಿನ, ಹಿಂದಿನ ಆಕ್ಸಲುಗಳಲ್ಲಿರುವ ಡಿಫರೆನ್ಷಿಯಲ್ಲಿನ ಆಯಿಲನ್ನೂ ತುಸು ಹೊರತೆಗೆದು ನೋಡಿ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ, ಅದನ್ನು ಅಂದೇ ಬದಲಿಸಬೇಕು.

ಪ್ರಶ್ನೆ: ಜೀಪಿನಲ್ಲಿ ಸಣ್ಣ ಫ್ರಿಜ್ ಇಡಬಹುದೇ? (ಓದುಗರು, ಸುರತ್ಕಲ್)

ಉತ್ತರ: ಇಡಬಹುದು, ಆದರೆ ಅದಕ್ಕೆ ಬೇರೆ ಬ್ಯಾಟರಿ ಬೇಕು, ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ನೂಕಬೇಕಾದೀತು. 12 ವೋಲ್ಟ್, 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ 1200 ವಾಟ್-ಅವರ್ ಇದ್ದರೂ, ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದು ಬೇಗ ಸಾಯುತ್ತದೆ. 45 ವಾಟ್‌ನ ಫ್ರಿಜ್ ನಮ್ಮ ಸೆಕೆಯಲ್ಲಿ ದಿನಕ್ಕೆ 12 ಗಂಟೆ ಓಡಿದರೆ 540 ವಾಟ್-ಅವರ್ ಆಯಿತು. ಅಲ್ಲಿಗೆ ಒಂದು ದಿನದ ಬಾಳು. ಎರಡು ರಾತ್ರಿಯ ಪ್ರವಾಸಕ್ಕೆ ಮಲ್ಪೆಯ ಮೀನಿನವರು ಬಳಸುವಂಥ ಥರ್ಮಾಕೋಲ್ ಪೆಟ್ಟಿಗೆ ಮತ್ತು ಐಸ್ ಸಾಕೆಂದು ನನಗನಿಸುತ್ತದೆ. ಬ್ಯಾಟರಿ ಹಾಕಿಸುವುದೇ ಆದರೆ ಫ್ಯೂಸ್ ಅದರ ಪಕ್ಕದಲ್ಲೇ ಇರಲಿ.

ಪ್ರಶ್ನೆ: ಕುಂದಾಪುರದ ಕಡೆ ಕಡಲತೀರದಲ್ಲೇ ಗಾಡಿ ಇಳಿಸಿ ರಾತ್ರಿ ತಂಗಬಹುದೇ? (ಓದುಗರು, ಬ್ರಹ್ಮಾವರ)

ಉತ್ತರ: ಬೇಡ. ಕೋಡಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಚಕ್ರ ಹರಿದ ಗೂಡಿನಿಂದ ಮರಿ ಹೊರಬರುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೂ ರಸ್ತೆಬದಿಯಲ್ಲಿ ಡೇರೆ ಹಾಕುವಂತಿಲ್ಲ. ಪರಿಚಯದವರ ಅಡಿಕೆ ತೋಟದ ಅಂಚು ಅಥವಾ ಕೊಯ್ಲು ಮುಗಿದ ಗದ್ದೆಯನ್ನು ಕೇಳಿ ಪಡೆಯಿರಿ. ಒಳಗೆ ಮಲಗುವಾಗ ಎಂಜಿನ್ನಾಗಲಿ ಗ್ಯಾಸ್ ಒಲೆಯಾಗಲಿ ಉರಿಯುತ್ತಿರಬಾರದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಕಡಲ ಬದಿಯ ರಸ್ತೆಯಲ್ಲಿ ಓಡಾಡಿ ಬಂದರೂ ಸಾಕು, ಅಂದೇ ಸಂಜೆ ಚಾಸಿಯ ಒಳಮೈಗೆ ಪೈಪು ಹಿಡಿದು ಬಾವಿಯ ನೀರು ಹಾಯಿಸಿ, ಅಡಿಯ ತೂತುಗಳಿಂದ ತಿಳಿನೀರು ಇಳಿಯುವವರೆಗೆ ತೊಳೆಯಿರಿ.