ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಸಸಿಗಳು

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಕಳೆದ ಜೂನ್ ತಿಂಗಳಲ್ಲಿ ಹಲಸು, ಕಸಿ ಮಾವು ಹಾಗೂ ಪುನರ್ಪುಳಿಯ ಸಸಿಗಳನ್ನು ನೆಟ್ಟಿದ್ದೇವೆ. ಫೆಬ್ರವರಿ ಕಳೆದ ಮೇಲೆ ಮಧ್ಯಾಹ್ನ ಎಲೆಗಳು ಜೋತುಬಿದ್ದು ಸಂಜೆಗೆ ಸರಿಯಾಗುತ್ತವೆ. ಕೆಲವುಗಳ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ದಿನವೂ ಒಂದೊಂದು ಚೊಂಬು ನೀರು ಕೊಟ್ಟರೂ ಹೀಗಾಗುವುದೇಕೆ? ಇವು ಬದುಕುತ್ತವೆಯೇ?

ಉತ್ತರ: ಮಧ್ಯಾಹ್ನದ ಬಾಡುವಿಕೆಯೊಂದನ್ನೇ ನೋಡಿ ಗಾಬರಿಯಾಗಬೇಡಿ, ಸೂರ್ಯ ಮೂಡುವ ಮೊದಲು ಸಸಿ ಹೇಗಿದೆ ಎಂದು ನೋಡಿ. ಬಿಸಿಲಿನ ಹೊತ್ತಿನಲ್ಲಿ ಬೇರು ಹೀರುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುತ್ತದೆ, ರಾತ್ರಿ ಆ ಕೊರತೆ ತುಂಬಿಕೊಳ್ಳುತ್ತದೆ. ನಸುಕಿನಲ್ಲಿಯೂ ಎಲೆ ಜೋತುಬಿದ್ದಿದ್ದರೆ, ಬೇರಿಗೆ ಎಟಕುವ ಮಣ್ಣಿನಲ್ಲಿ ಹೀರಲು ನೀರೇ ಉಳಿದಿಲ್ಲವೆಂದು ತಿಳಿಯಬೇಕು.

ಮಣ್ಣು ಒಣಗತೊಡಗಿದಾಗ ಸಸಿಯಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದರ ಪ್ರಭಾವದಿಂದ ಎಲೆಯ ಪತ್ರರಂಧ್ರಗಳನ್ನು ಕಾಯುವ ಜೀವಕೋಶಗಳು ಪೊಟ್ಯಾಸಿಯಂ ಅನ್ನು ಹೊರಬಿಟ್ಟು, ಅದರ ಹಿಂದೆಯೇ ನೀರನ್ನೂ ಕಳೆದುಕೊಂಡು ಸಡಿಲಗೊಳ್ಳುವುದರಿಂದ ರಂಧ್ರ ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ನಿಜ. ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ಬಾಗಿಲಿನಿಂದ. ಹೀಗಾಗಿ ಆಹಾರ ತಯಾರಿ ಕುಗ್ಗುತ್ತದೆ, ಆವಿಯಾಗುವಿಕೆಯಿಂದ ದೊರೆಯುತ್ತಿದ್ದ ತಂಪು ಕಡಿಮೆಯಾಗಿ ಎಲೆ ಬಿಸಿಯೇರುತ್ತದೆ, ಮತ್ತು ಹೀರಿಕೊಂಡ ಬೆಳಕು ಬಳಕೆಯಾಗದೆ ಎಲೆಯ ಹಸಿರಿಗೇ ಹಾನಿ ಮಾಡುತ್ತದೆ. ಅಂಚು ಸುಟ್ಟಂತಾಗುವುದಕ್ಕೆ ಇದೂ ಒಂದು ಕಾರಣ. ಹಳೆಯ ಎಲೆಗಳು ಉದುರುವುದು ಸಸಿಯ ಆತ್ಮರಕ್ಷಣೆ: ಅವುಗಳಲ್ಲಿನ ಸಾರಜನಕದ ಒಂದು ಪಾಲನ್ನು ಹಿಂದಕ್ಕೆ ಪಡೆದು, ನೀರು ಕಳೆದುಕೊಳ್ಳುವ ಮೈಯನ್ನು ಅದು ಕಡಿಮೆ ಮಾಡಿಕೊಳ್ಳುತ್ತದೆ.

ನಿಮ್ಮ ಚೊಂಬು ನೀರಿನ ಬಗ್ಗೆ ನನಗೆ ಹೆಚ್ಚು ಚಿಂತೆಯಿದೆ. ಬುಡದ ಪಕ್ಕದಲ್ಲಿ ಕತ್ತಿಯ ತುದಿಯಿಂದ ಮಣ್ಣನ್ನು ಕೆದಕಿ ನೋಡಿ. ಮೇಲಿನ ಎರಡು ಬೆರಳಿನಷ್ಟು ಮಾತ್ರ ಒದ್ದೆಯಾಗಿದ್ದು, ಕೆಳಗೆ ಪುಡಿಯಾಗುವಷ್ಟು ಒಣಗಿರಬಹುದು. ಹಾಗಿದ್ದರೆ ಎಳೆಯ ಬೇರುಗಳು ಆ ತೇವದಲ್ಲಿಯೇ ಹರಡಿಕೊಂಡು ಬಿಸಿಲಿಗೆ ಸಿಕ್ಕಿಬೀಳುತ್ತವೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ನೀರು ಕ್ಷೀಣಿಸುವ ಈ ಕಾಲದಲ್ಲಿ ಹೆಚ್ಚು ನೀರು ಕೊಡಿ ಎಂದು ಹೇಳುವುದು ಸುಲಭವಲ್ಲ, ಆದರೆ ಇರುವ ನೀರನ್ನೇ ಒಟ್ಟುಗೂಡಿಸಿ ಮೂರು ನಾಲ್ಕು ದಿನಕ್ಕೊಮ್ಮೆ, ಸಂಜೆ, ಇಂಗುವಷ್ಟು ನಿಧಾನವಾಗಿ ಹೊಯ್ಯಿರಿ. ಬುಡಕ್ಕೆ ತರಗೆಲೆಯನ್ನು ದಪ್ಪವಾಗಿ ಹೊದಿಸಿ, ಅದು ಕಾಂಡಕ್ಕೆ ತಾಗದಿರಲಿ. ನೈಋತ್ಯದ ಬಿಸಿಲಿಗೆ ಅಡ್ಡವಾಗಿ ತೆಂಗಿನ ಮಡಲನ್ನು ಚುಚ್ಚಿ. ಪುನರ್ಪುಳಿಗಂತೂ ಎಳವೆಯಲ್ಲಿ ನೆರಳು ಬೇಕೇ ಬೇಕು. ಮಳೆ ಬರುವವರೆಗೆ ಯೂರಿಯಾ ಹಾಕಬೇಡಿ.

ಬರ ತೀವ್ರವಾದಾಗ ಕಾಂಡದ ನೀರ್ಗೊಳವೆಗಳಲ್ಲಿ ಎಳೆತ ಹೆಚ್ಚಿ, ಗಾಳಿಗುಳ್ಳೆ ಸೇರಿ, ನೀರಿನ ಸರಪಳಿ ತುಂಡಾಗುತ್ತದೆ. ಆ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಎಲೆಯೆಲ್ಲ ಉದುರಿದ ಸಸಿಯ ತೊಗಟೆಯನ್ನು ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿಯಾಗಿ ಹಸಿರಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಅಷ್ಟು ಭಾಗ ಹೋಗಿದೆ. ಹಲಸಿನ ಬೀಜದ ಸಸಿಯಲ್ಲಿ ಬುಡದ ಬಳಿ ಹಸಿರು ಉಳಿದಿದ್ದರೂ ಮಳೆಗೆ ಚಿಗುರುವ ಸಾಧ್ಯತೆಯಿರುವುದರಿಂದ ಈಗಲೇ ಕೀಳಬೇಡಿ. ಕಸಿ ಮಾವಿನಲ್ಲಿ ಮಾತ್ರ ಆ ಹಸಿರು ಕಸಿಯ ಗಂಟಿನಿಂದ ಮೇಲಿರಬೇಕು, ಕೆಳಗಿನಿಂದ ಬರುವ ಚಿಗುರು ಕಸಿಗೆ ಬುಡವಾಗಿ ಬಳಸಿದ ಕಾಟುಮಾವಿನದು.