ತಿರುಗಿಸಿ ಹೊಟ್ಟೆ ನೋಡಿ

ಕಡಲ ಕರೆ: ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರೇ, ನಮ್ಮ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಎರಡು ತರದ ಏಡಿ ಸಿಗುತ್ತವೆ. ಒಂದು ಹಸಿರು ಮೈಯ ದೊಡ್ಡದು, ಇನ್ನೊಂದು ಕೆಂಪು ಇಕ್ಕಳದ ಸಣ್ಣದು. ದೊಡ್ಡದು ಗಂಡು, ಸಣ್ಣದು ಹೆಣ್ಣು ಅಂತ ಮನೆಯಲ್ಲಿ ಹೇಳುತ್ತಾರೆ. ಕೊಳ್ಳುವವರು ಬೇರೆ ಬೇರೆ ದರ ಕೊಡುತ್ತಾರೆ. ಯಾವುದು ನಿಜ?
(ಗಜನಿ ರೈತರು, ಮಿರ್ಜಾನ್ ಹತ್ತಿರ)

ಈ ಮಾತನ್ನು ನಾನೂ ಕೇಳಿ ಬೆಳೆದವಳು. ನಾನು ಹುಟ್ಟಿದ್ದು ಅಘನಾಶಿನಿ ದಡದಲ್ಲಿ. ಇಳಿತ ಬಂತೆಂದರೆ ಆಯಿ ಬಳಚು ಹೆಕ್ಕಲು ಹೋಗುತ್ತಿದ್ದಳು. ನಾನು ಬುಟ್ಟಿ ಹಿಡಿದು ಹಿಂದೆ. ಅವಳು ಏಡಿ ಸಿಕ್ಕಿದ ಕೂಡಲೇ ಮಗುಚಿ ಹೊಟ್ಟೆ ನೋಡುತ್ತಿದ್ದಳು. ನೀವೂ ಹಾಗೇ ಮಾಡಿ. ಮೊದಲು ಹಗ್ಗದಿಂದ ಇಕ್ಕಳ ಕಟ್ಟಿಕೊಳ್ಳಿ, ಬೆರಳು ಮುಖ್ಯ.

ಹೊಟ್ಟೆಯ ಕೆಳಗೆ ಮಡಚಿಟ್ಟ ಮುಚ್ಚಳ ಒಂದು ಇರುತ್ತದೆ. ಅದು ಗಂಡಿಗೆ ಕಿರಿದು, ತುದಿ ಚೂಪು. ಹೆಣ್ಣಿಗೆ ಅಗಲ, ದುಂಡು. ಮೊಟ್ಟೆ ಇಟ್ಟುಕೊಳ್ಳಲು ಜಾಗ ಬೇಕಲ್ವಾ? ನಿಮ್ಮ ದೊಡ್ಡ ಏಡಿಗಳಲ್ಲಿ ಹತ್ತನ್ನು, ಸಣ್ಣ ಏಡಿಗಳಲ್ಲಿ ಹತ್ತನ್ನು ಹೀಗೆ ನೋಡಿ. ಎರಡೂ ಗುಂಪಿನಲ್ಲಿ ಗಂಡೂ ಸಿಗುತ್ತದೆ, ಹೆಣ್ಣೂ ಸಿಗುತ್ತದೆ. ಅಂದರೆ ಇವು ಗಂಡು ಹೆಣ್ಣಲ್ಲ. ಬೇರೆ ಬೇರೆ ಎರಡು ಜಾತಿ.

ದೊಡ್ಡದು ಸಿಲ್ಲಾ ಸೆರ್ರೇಟಾ, ಸಣ್ಣದು ಸಿಲ್ಲಾ ಒಲಿವೇಸಿಯಾ. ಗುರುತು ಹಿಡಿಯಲು ಬಣ್ಣ ಸಾಲದು, ಕೆಸರಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಇಕ್ಕಳದ ಹಿಂದೆ ನಮ್ಮ ಮಣಿಕಟ್ಟಿನ ಹಾಗೆ ಒಂದು ಗಂಟು ಇದೆ. ಅದರ ಹೊರ ಅಂಚಿನ ಮೇಲೆ ಬೆರಳು ಆಡಿಸಿ. ದೊಡ್ಡ ಜಾತಿಗೆ ಎರಡು ಚೂಪು ಮುಳ್ಳು ಸ್ಪಷ್ಟವಾಗಿ ತಾಗುತ್ತವೆ. ಸಣ್ಣ ಜಾತಿಗೆ ಒಂದು ಮೊಂಡು ಮುಳ್ಳು ಇದ್ದರೆ ಇತ್ತು, ಅಷ್ಟೇ. ಎರಡು ಕಣ್ಣಿನ ನಡುವಿನ ಹಲ್ಲುಗಳನ್ನೂ ನೋಡಿ. ದೊಡ್ಡದಕ್ಕೆ ಎತ್ತರ, ಸಣ್ಣದಕ್ಕೆ ತಗ್ಗು, ದುಂಡು. ಇನ್ನು ದೊಡ್ಡದರ ಕಾಲುಗಳ ಮೇಲೆಲ್ಲ ಜಾಲರಿಯಂಥ ಗೆರೆ ಇರುತ್ತದೆ.

ನಿಮ್ಮ ಮನೆಯವರನ್ನು ತಪ್ಪು ಎನ್ನಬೇಡಿ. ಪುಸ್ತಕಗಳೇ ಬಹಳ ಕಾಲ ತಪ್ಪಿದ್ದವು. ಫೋರ್ಸ್ಕಾಲ್ ಎಂಬವರು ಕೊಟ್ಟ ಸೆರ್ರೇಟಾ ಹೆಸರು 1775ರಲ್ಲಿ ಅಚ್ಚಾಯಿತು. ಆಮೇಲೆ ಜಗತ್ತಿನ ಬಹುತೇಕ ಕೆಸರೇಡಿಗಳಿಗೆಲ್ಲ ಅದೇ ಹೆಸರು ಅಂಟಿತು. ನಾನು ಪಾಠ ಮಾಡುತ್ತಿದ್ದಾಗ ನಮ್ಮಲ್ಲಿ ಸಣ್ಣದನ್ನೇ ಸೆರ್ರೇಟಾ ಎನ್ನುತ್ತಿದ್ದರು. ನಾನೂ ಹಾಗೇ ಕಲಿಸಿದೆ. 1998ರಲ್ಲಿ ಕೀನನ್, ಡೇವಿ, ಮ್ಯಾನ್ ಎಂಬ ಮೂವರು ಬೇರೆ ಬೇರೆ ದೇಶದ ಏಡಿಗಳ ಮೈ ಅಳೆದು, ಜೀನ್ ಹೋಲಿಸಿ, ಈ ಗುಂಪಿನಲ್ಲಿ ನಾಲ್ಕು ಜಾತಿ ಇವೆ ಎಂದು ತೋರಿಸಿದರು. ಆಗ ಸೆರ್ರೇಟಾ ಎಂಬ ಹೆಸರು ದೊಡ್ಡದಕ್ಕೆ ಸೇರಿತು.

ಇದು ಬರೀ ಹೆಸರಿನ ಜಗಳ ಅಲ್ಲ. ದೊಡ್ಡ ಜಾತಿ ಎರಡು ಕಿಲೋ ದಾಟಿ ಬೆಳೆಯುತ್ತದೆ, ಸಣ್ಣದು ಅಷ್ಟು ಬೆಳೆಯುವುದಿಲ್ಲ. ಸಣ್ಣ ಜಾತಿಯನ್ನು ದೊಡ್ಡದರ ಮರಿ ಎಂದು ತಿಳಿದು ಮೇವು ಹಾಕಿ ಕಾದವರನ್ನು ನಾನು ನೋಡಿದ್ದೇನೆ. ಅವರ ದುಡ್ಡು ಹೋಯಿತು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿದೆ. ಅಲ್ಲಿ ಏಡಿ ಎಷ್ಟಿವೆ ಎಂದು ಯಾರೇ ಲೆಕ್ಕ ಮಾಡಲಿ, ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಲೆಕ್ಕ ಕೆಟ್ಟಂತೆಯೇ.

ಪ್ರಶ್ನೆ: ಹೊಳೆಯ ಸಿಗಡಿಗೆ ಹೊಟ್ಟೆ ಕೆಳಗೆ ಮೊಟ್ಟೆ ಕಾಣುತ್ತದೆ. ಕಡಲ ಸಿಗಡಿಗೆ ಒಮ್ಮೆಯೂ ಕಂಡಿಲ್ಲ. ಯಾಕೆ?
(ಗೃಹಿಣಿ, ಹೊನ್ನಾವರ)

ಅಡುಗೆಮನೆಯಲ್ಲಿ ನಿಂತು ಎಷ್ಟು ಒಳ್ಳೆಯದನ್ನು ಗಮನಿಸಿದ್ದೀರಿ! ನಮ್ಮ ಬಲೆಗೆ ಜಾಸ್ತಿ ಬೀಳುವ ಕಡಲ ಸಿಗಡಿಗಳು ಪೀನಿಯಿಡ್ ಎಂಬ ಕುಟುಂಬದವು. ಅವು ಮೊಟ್ಟೆಯನ್ನು ಹೊರುವುದಿಲ್ಲ, ನೀರಿಗೇ ಬಿಟ್ಟುಬಿಡುತ್ತವೆ. ಹೊಳೆಯ ಸಿಗಡಿಗಳದು ಬೇರೆ ಗುಂಪು. ಅವು ಮರಿ ಒಡೆಯುವವರೆಗೆ ಹೊಟ್ಟೆಯಡಿ ಇಟ್ಟುಕೊಂಡು ಕಾಯುತ್ತವೆ. ಮೊಟ್ಟೆ ಇಲ್ಲದ ಕಾಲದಲ್ಲೂ ಗುರುತು ಹಿಡಿಯಬಹುದು. ಸುಲಿಯುವ ಮೊದಲು ಬಾಲದ ಭಾಗದ ಪಟ್ಟಿಗಳನ್ನು ತಲೆಯ ಕಡೆಯಿಂದ ಎಣಿಸಿ. ಎರಡನೇ ಪಟ್ಟಿಯ ಪಕ್ಕದ ಅಂಚು ಒಂದನೇ ಪಟ್ಟಿಯನ್ನೂ ಮೂರನೆಯದನ್ನೂ ಮುಚ್ಚಿದ್ದರೆ ಹೊಳೆಯ ಗುಂಪು. ಹೆಂಚು ಹೊದಿಸಿದಂತೆ ಒಂದರ ಹಿಂದೆ ಒಂದು ಸಾಗಿದ್ದರೆ ಪೀನಿಯಿಡ್. ನಾಳೆ ಸಾರು ಮಾಡುವಾಗ ನೋಡಿ.

ಪ್ರಶ್ನೆ: ದೋಣಿಯ ತಳಕ್ಕೆ ಬಿಳಿ ಕಲ್ಲಿನಂಥದ್ದು ಹತ್ತುತ್ತದೆ. ಕಾಲಿಗೆ ತಾಗಿದರೆ ಕೊಯ್ಯುತ್ತದೆ. ವರ್ಷ ವರ್ಷ ಕೆತ್ತಿ ಬಣ್ಣ ಬಳಿಯುತ್ತೇವೆ. ಇದು ಚಿಪ್ಪಿಯ ಜಾತಿಯೇ? ಜೀವ ಇದೆಯೇ?
(ದೋಣಿ ಮಾಲೀಕರು, ಬೇಲೆಕೇರಿ)

ಜೀವ ಇದೆ. ಚಿಪ್ಪಿಯ ಜಾತಿ ಅಲ್ಲ. ಅದು ಸಿಗಡಿ, ಏಡಿಯ ನೆಂಟ. ಹೆಸರು ಬಾರ್ನಕಲ್.

ನಂಬುವುದು ಕಷ್ಟ ಎಂದು ನನಗೆ ಗೊತ್ತು. ಜೀವಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ ಲಿನಿಯಸ್ 1758ರ ಪುಸ್ತಕದಲ್ಲಿ ಇದನ್ನು ಚಿಪ್ಪಿಗಳ ಜೊತೆಗೇ ಕೂರಿಸಿದ್ದರು. ಹೊರಗಿನ ಸುಣ್ಣದ ಗೂಡು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಗುಟ್ಟು ಬಿಟ್ಟಿದ್ದು ಮರಿಯನ್ನು ನೋಡಿದ ಮೇಲೆ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಜಾನ್ ವಾಗನ್ ಥಾಂಪ್ಸನ್ ಎಂಬ ಸೈನ್ಯದ ವೈದ್ಯರಿದ್ದರು. ನೀರಿನಲ್ಲಿ ಈಜುತ್ತಿದ್ದ ಚಿಕ್ಕ ಜೀವಿಗಳನ್ನು ಹಿಡಿದು ಗಾಜಿನ ಪಾತ್ರೆಯಲ್ಲಿ ಇಟ್ಟುಕೊಂಡರು. ಕಾಲು ಬಡಿಯುತ್ತ ಈಜುತ್ತಿದ್ದ ಜೀವಿ ಪಾತ್ರೆಗೆ ಅಂಟಿಕೊಂಡು ಬಾರ್ನಕಲ್ ಆಯಿತು! 1830ರಲ್ಲಿ ಅವರು ಇದನ್ನು ಅಚ್ಚು ಮಾಡಿಸಿದರು. ಆಮೇಲೆ ಡಾರ್ವಿನ್ 1846ರಿಂದ 1854ರವರೆಗೆ, ಎಂಟು ವರ್ಷ, ಬಾರ್ನಕಲ್ ಬಿಡಿಸಿ ನೋಡುತ್ತ ಕೂತರು. ಜಾತಿ ಎಂದರೇನು ಎಂದು ಬರೆಯುವವನು ಒಂದು ಗುಂಪನ್ನಾದರೂ ಕೈಯಾರೆ ಬಿಡಿಸಿ ನೋಡಿರಬೇಕು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಈ ಎಂಟು ವರ್ಷಕ್ಕೆ.

ಮೊಟ್ಟೆಯಿಂದ ಬಂದ ಮರಿಗೆ ಒಂದೇ ಕಣ್ಣು, ಮೂರು ಜೊತೆ ಕಾಲು. ಪೀನಿಯಿಡ್ ಸಿಗಡಿಯ ಎಳೆ ಮರಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕೆಲವು ಸಲ ಪೊರೆ ಬಿಟ್ಟ ಮೇಲೆ ಅದು ಊಟ ಬಿಡುತ್ತದೆ, ಜಾಗ ಹುಡುಕುತ್ತದೆ. ನಿಮ್ಮ ದೋಣಿಯ ತಳ ಇಷ್ಟವಾದರೆ ತಲೆ ಊರಿ, ಅಂಟು ಬಿಟ್ಟು ಹತ್ತಿಕೊಳ್ಳುತ್ತದೆ. ಸುತ್ತ ಸುಣ್ಣದ ಗೋಡೆ ಕಟ್ಟುತ್ತದೆ. ಅಲ್ಲಿಂದ ಮುಂದೆ ತಲೆಕೆಳಗಾದ ಬಾಳು. ಗರಿಯಂಥ ಕಾಲುಗಳನ್ನು ಹೊರಗೆ ಚಾಚಿ, ನೀರಲ್ಲಿ ತೇಲುವ ಆಹಾರವನ್ನು ಬಾಚಿಕೊಳ್ಳುತ್ತದೆ.

ಬೈತಕೋಲಿನ ಬಂಡೆಯಿಂದ ಬಾರ್ನಕಲ್ ಹತ್ತಿದ ಸಣ್ಣ ಕಲ್ಲೊಂದನ್ನು ತಂದು, ಕಡಲ ನೀರಿನ ಲೋಟದಲ್ಲಿಟ್ಟು ಮಕ್ಕಳಿಗೆ ತೋರಿಸುತ್ತಿದ್ದೆ. ಗಲಾಟೆ ಮಾಡದೆ ಸ್ವಲ್ಪ ಹೊತ್ತು ಕಾಯಬೇಕು. ಬಾಗಿಲು ತೆರೆದು ಆ ಗರಿ ಹೊರಬಂದಾಗ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು. ಮುಂದಿನ ಸಲ ಕೆತ್ತುವ ಮೊದಲು ನೀವೂ ಒಂದನ್ನು ಹಾಗೆ ಇಟ್ಟು ನೋಡಿ. ಕೆತ್ತಬೇಡಿ ಎನ್ನುವುದಿಲ್ಲ. ತಳ ಒರಟಾದರೆ ಡೀಸೆಲ್ ಜಾಸ್ತಿ ಸುಡುತ್ತದೆ, ಅದು ನಿಮ್ಮ ಹೊಟ್ಟೆಪಾಡು.

ಪ್ರಶ್ನೆ: 2022ರಲ್ಲಿ ಯಲ್ಲಾಪುರ ತಾಲೂಕಿನಲ್ಲಿ ಹೊಸ ಏಡಿ ಸಿಕ್ಕಿತು ಎಂದು ಓದಿದ್ದೆ. ಅಷ್ಟು ದೊಡ್ಡ ಕಡಲು ಬಿಟ್ಟು ಘಟ್ಟದ ಮೇಲೆ ಹೊಸ ಜಾತಿ ಹೇಗೆ?
(ಅಡಿಕೆ ಬೆಳೆಗಾರರು, ಶಿರಸಿ)

ಅದರ ಹೆಸರು ಘಾಟಿಯಾನಾ ದ್ವಿವರ್ಣ. ಬಿಳಿ ಮತ್ತು ಕೆನ್ನೇರಳೆ, ಎರಡು ಬಣ್ಣ. ಚಿರೆಕಲ್ಲಿನ ಪೊಟರೆಯಲ್ಲಿ ವಾಸ. ಮೊದಲು ಕಂಡಿದ್ದು ಕಾಡು ತಿರುಗುವ ಊರಿನವರ ಕಣ್ಣಿಗೆ, ಆಮೇಲೆ ತಜ್ಞರ ಕೈಗೆ ಹೋಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಮತ್ತೆ ಹೊಟ್ಟೆಯ ಮುಚ್ಚಳದ ಕೆಳಗೇ ಇದೆ. ಕಡಲ ಏಡಿ ಲಕ್ಷಗಟ್ಟಲೆ ಮೊಟ್ಟೆ ಹೊತ್ತು, ಮರಿಗಳನ್ನು ನೀರಿಗೆ ಬಿಡುತ್ತದೆ. ವಾರಗಟ್ಟಲೆ ಅವು ತೇಲುತ್ತವೆ. ಮಾಜಾಳಿಯಲ್ಲಿ ಹುಟ್ಟಿದ್ದು ಎಲ್ಲಿ ದಡ ಸೇರುತ್ತದೋ! ಹಾಗಾಗಿ ಒಂದೇ ಜಾತಿ ಸಾವಿರಾರು ಮೈಲಿ ಹರಡಿರುತ್ತದೆ. ಘಟ್ಟದ ಸಿಹಿನೀರ ಏಡಿಗೆ ತೇಲುವ ಮರಿಯೇ ಇಲ್ಲ. ಮೊಟ್ಟೆ ಕಡಿಮೆ, ಗಾತ್ರ ದೊಡ್ಡದು. ಒಡೆದರೆ ಪುಟಾಣಿ ಏಡಿಯೇ ಹೊರಬರುತ್ತದೆ, ತಾಯಿಯ ಮುಚ್ಚಳದಡಿ ಕೆಲವು ದಿನ ಇರುತ್ತದೆ. ಗುಡ್ಡ ದಾಟಿ ಹೋಗುವುದು ಅದಕ್ಕೆ ಸುಲಭವಲ್ಲ. ಈ ಹಳ್ಳದವು ಆ ಹಳ್ಳದವನ್ನು ಲಕ್ಷಾಂತರ ವರ್ಷ ಕಾಣದೆ ಉಳಿದರೆ ಎರಡೂ ಬೇರೆ ಬೇರೆಯಾಗುತ್ತವೆ.

ಈ ಏಡಿಗೆ ಹೆಸರು ಬಣ್ಣದಿಂದ ಬಂತು, ನಿಜ. ಆದರೆ ಸಿಹಿನೀರ ಏಡಿ ಹೊಸ ಜಾತಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಮುಖ್ಯವಾಗಿ ನೋಡುವುದು ಗಂಡಿನ ಮುಚ್ಚಳ ಎತ್ತಿದಾಗ ಕಾಣುವ ಮೊದಲ ಜೊತೆ ಸಣ್ಣ ಕಾಲಿನ ಆಕಾರ. ನಿಮ್ಮ ತೋಟದ ಹಳ್ಳದ ಏಡಿಗಳ ಫೋಟೋ ತೆಗೆಯುವಾಗ ಬೆನ್ನಿನದು ಒಂದು, ಹೊಟ್ಟೆಯದು ಒಂದು ತೆಗೆಯಿರಿ. ದಯವಿಟ್ಟು ಹಳ್ಳಕ್ಕೆ ಕೀಟನಾಶಕದ ಡಬ್ಬ ತೊಳೆಯಬೇಡಿ.

ಪ್ರಶ್ನೆ: ಗೋಕರ್ಣದ ಮರಳಿನಲ್ಲಿ ನೀಲಿ ಗುಂಡಿಯಂಥದ್ದು ಬಿದ್ದಿತ್ತು. ಏಡಿಯ ಮರಿಯೇ? ಮುಟ್ಟಬಹುದೇ?

ಅದು ಪಾರ್ಪಿಟಾ. ಏಡಿಗೂ ಅದಕ್ಕೂ ಸಂಬಂಧವಿಲ್ಲ, ಅಂಬಲಿ ಮೀನಿನ ಬಳಗ. ಅದರ ಕುಟುಕು ಅಷ್ಟು ಜೋರಲ್ಲ. ಆದರೆ ನೀಲಿ ಗುಳ್ಳೆಗೆ ಉದ್ದ ದಾರ ಇಳಿಬಿದ್ದಿದ್ದರೆ ಅದು ಬೇರೆಯೇ ಜೀವಿ, ಫೈಸೇಲಿಯಾ. ಸತ್ತು ಬಿದ್ದಿದ್ದರೂ ಉರಿ ಹತ್ತಿಸುತ್ತದೆ. ಮಕ್ಕಳನ್ನು ದೂರ ಇಡಿ.

ಪ್ರಶ್ನೆ: ಅಕ್ಕೋರೇ, ಅಪ್ಪನ ಏಂಡಿ ಬಲೆಗೆ ಬೆನ್ನಿನ ಮೇಲೆ ಮೂರು ಚುಕ್ಕೆ ಇರುವ ಏಡಿ ಬಂತು. ಇಕ್ಕಳ ನೋಡಿದರೆ ಗಂಡು, ಆದರೆ ಹೊಟ್ಟೆ ಮುಚ್ಚಳ ಹೆಣ್ಣಿನ ಹಾಗೆ ಅಗಲ. ಅದರ ಕೆಳಗೆ ಹಳದಿ ಗಂಟು. ಹೊಸ ಜಾತಿಯಾದರೆ ನನ್ನ ಅಜ್ಜಿಯ ಹೆಸರು ಇಡಬಹುದೇ? ಫೋಟೋ ಕಳಿಸಿದ್ದೇನೆ.
(ಹತ್ತನೇ ತರಗತಿ ವಿದ್ಯಾರ್ಥಿನಿ, ಮಾಜಾಳಿ)

ತಂಗೀ, ನಿನ್ನ ಫೋಟೋ ನೋಡಿ ನನಗೆ ಬಹಳ ಖುಷಿಯಾಯಿತು. ಏಡಿ ಹೊಸ ಜಾತಿಯಲ್ಲ. ಮೂರು ಚುಕ್ಕೆಯ ಏಡಿಗೆ ಹರ್ಬ್ಸ್ಟ್ ಎಂಬವರು 1783ರಲ್ಲೇ ಹೆಸರಿಟ್ಟಿದ್ದಾರೆ. ಆದರೆ ಆ ಹಳದಿ ಗಂಟನ್ನು ಮತ್ತೊಮ್ಮೆ ನೋಡು. ಮೊಟ್ಟೆಯಾಗಿದ್ದರೆ ಸಾಸಿವೆಗಿಂತ ಸಣ್ಣ ಕಾಳುಗಳು ಕೂದಲಿಗೆ ಅಂಟಿರಬೇಕಿತ್ತು. ಇದು ನಯವಾದ ಒಂದೇ ಚೀಲ. ನನ್ನ ಕಣ್ಣಿಗೆ ಇದು ಸ್ಯಾಕುಲೈನಾ ಬಳಗದ್ದು. ಅಂದರೆ, ನೀನು ನಂಬಲಿಕ್ಕಿಲ್ಲ, ಬಾರ್ನಕಲ್!

ಇದಕ್ಕೆ ಗೂಡಿಲ್ಲ, ಕಾಲಿಲ್ಲ, ಬಾಯಿಯೂ ಇಲ್ಲ. ಮರಿಯಾಗಿದ್ದಾಗ ಏಡಿಯ ಮೈಯೊಳಗೆ ಸೇರುತ್ತದೆ. ಬೇರಿನ ಹಾಗೆ ಒಳಗೆಲ್ಲ ಹರಡುತ್ತದೆ. ಕೊನೆಗೆ ಮುಚ್ಚಳದ ಕೆಳಗೆ ಚೀಲವನ್ನು ಹೊರಗೆ ತರುತ್ತದೆ. ಗಂಡು ಏಡಿಗೆ ಹತ್ತಿದರೆ ಅದರ ಮುಚ್ಚಳವೇ ಹೆಣ್ಣಿನಂತೆ ಅಗಲವಾಗುತ್ತದೆ. ಪಾಪ, ಆ ಏಡಿ ಚೀಲವನ್ನು ತನ್ನದೇ ಮೊಟ್ಟೆ ಎಂಬಂತೆ ನೋಡಿಕೊಳ್ಳುತ್ತದೆ. ಇದಕ್ಕೆ ಸ್ಯಾಕುಲೈನಾ ಎಂದು ಹೆಸರಿಟ್ಟವರೂ ಅದೇ ಥಾಂಪ್ಸನ್, 1836ರಲ್ಲಿ. ದೊಡ್ಡದಾದ ಮೇಲೆ ಗುರುತೇ ಸಿಗದ ಈ ಚೀಲದಿಂದ ಹೊರಬರುವ ಮರಿ ಮಾತ್ರ ಬಾರ್ನಕಲ್ ಮರಿಯ ಹಾಗೇ ಇರುತ್ತದೆ.

ಅಜ್ಜಿಯ ಹೆಸರು ಇಡಬಹುದು, ಮುಂದೆ ನಿನಗೆ ನಿಜವಾಗಿ ಹೊಸದು ಸಿಕ್ಕಾಗ. ಹೆಂಗಸಿನ ಗೌರವಕ್ಕೆ ಹೆಸರಿಟ್ಟರೆ ಲ್ಯಾಟಿನ್ ಕ್ರಮದಲ್ಲಿ ಕೊನೆಗೆ ‘ಏ’ ಎಂದು ಬರುತ್ತದೆ. ತನ್ನದೇ ಹೆಸರು ಇಟ್ಟುಕೊಳ್ಳುವ ರೂಢಿ ಇಲ್ಲ. ಹೋಲುವ ಜಾತಿಗಳ ಹಳೆಯ ವಿವರಣೆ ಎಲ್ಲ ಓದಬೇಕು, ವ್ಯತ್ಯಾಸ ಬರೆದು ಅಚ್ಚು ಮಾಡಿಸಬೇಕು. ಮಾದರಿಯನ್ನು ಮುಂದೆ ಯಾರು ಬೇಕಾದರೂ ನೋಡುವಂತೆ ಸಂಗ್ರಹಾಲಯದಲ್ಲಿ ಇಡಬೇಕು. ಕೋಲ್ಕತ್ತಾದಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥ ಜಾಗ.

ಅದಕ್ಕೂ ಮೊದಲು ಚೀಟಿ ಬರೆಯುವುದನ್ನು ಕಲಿ. 1983ರಲ್ಲಿ ನಾನು ಒಂದು ಬೇಸಿಗೆಯಿಡೀ ಬಂಡೆ ಬಂಡೆ ಅಲೆದು 47 ಬಾಟಲಿ ತುಂಬಿಸಿದೆ. ಚೀಟಿಗಳನ್ನು ಪೆನ್ನಿನಲ್ಲಿ ಬರೆದು ಒಳಗೆ ಹಾಕಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಶಾಯಿ ಸ್ಪಿರಿಟಿನಲ್ಲಿ ಕರಗಿ ಕಾಗದ ಬಿಳಿಯಾಗಿತ್ತು. ಯಾವ ಏಡಿ ಯಾವ ಬಂಡೆಯದು ಎಂದು ಯಾರಿಗೂ ಹೇಳಲಾಗಲಿಲ್ಲ. ಅಷ್ಟು ಜೀವ ತೆಗೆದು ಏನೂ ತಿಳಿಯದಂತಾಯಿತಲ್ಲ ಎಂಬ ನೋವು ಇವತ್ತಿಗೂ ಹೋಗಿಲ್ಲ. ಪೆನ್ಸಿಲ್ಲಿನಲ್ಲಿ ಬರಿ. ಊರು, ತಾರೀಕು, ಎಷ್ಟು ಆಳ, ಯಾವ ಬಲೆ, ಹಿಡಿದವರು ಯಾರು. ಜೀವ ಇದ್ದಾಗಿನ ಬಣ್ಣವನ್ನೂ ಬರಿ, ಸ್ಪಿರಿಟಿನಲ್ಲಿ ಬಣ್ಣ ಉಳಿಯುವುದಿಲ್ಲ. ಫಾರ್ಮಲಿನ್ ಬೇಡ, ಅದು ಡಿಎನ್ಎ ಕೆಡಿಸುತ್ತದೆ. ಒಂದೆರಡು ಸಾಕು, ಉಳಿದವನ್ನು ನೀರಿಗೆ ಬಿಡು. ಎತ್ತಿದ ಕಲ್ಲನ್ನು ಇದ್ದ ಹಾಗೇ ಮಗುಚಿ ಇಡು.

ಬರುವ ಅಮಾವಾಸ್ಯೆಯ ಇಳಿತಕ್ಕೆ ನಾನು ಮಾಜಾಳಿಗೆ ಬರುತ್ತೇನೆ. ಆ ಏಡಿಯನ್ನು ಅಲ್ಲಿಯವರೆಗೆ ಐಸಿನಲ್ಲಿಡು. ಅಪ್ಪನನ್ನು ಕೇಳಿಟ್ಟಿರು, ಅದು ಬಿದ್ದ ದಿನ ಬಲೆ ಎಲ್ಲಿ ಬಿಟ್ಟಿದ್ದರು ಅಂತ.